ಸಾಧನೆಯ ಸುದ್ದಿ ಹಾಕುವ ಮುನ್ನ: ಗ್ರಂಥಪಾಲಕಿಗೆ ಪ್ರಶ್ನೆಗಳು

ಶಿಕ್ಷಕರನ್ನು ತಯಾರು ಮಾಡುವ ವಿಭಾಗಗಳ ಗುಂಪು ಇದು. ಅಧ್ಯಾಪಕರ ಲೇಖನ, ಪ್ರಶಸ್ತಿ, ವಿಭಾಗದ ಸುದ್ದಿಪತ್ರ, ಯಾವುದರ ಬಗ್ಗೆ ಬೇಕಾದರೂ ಕೇಳಿ. ಉತ್ತರಿಸುವವರು ವಿಶ್ವವಿದ್ಯಾಲಯದ ಗ್ರಂಥಪಾಲಕಿ.

ಸುದ್ದಿಪತ್ರ ನೋಡಿಕೊಳ್ಳುವವರು: ಮೇಡಂ, ಲೇಖನ ಬಂದ ಸಂಶೋಧನಾ ಪತ್ರಿಕೆಗೆ ಐಎಸ್‌ಎಸ್‌ಎನ್ ಇದ್ದರೆ ಸಾಕಲ್ವಾ?

ಗ್ರಂಥಪಾಲಕಿ: ಸಾಲದು. ಅದು ಪತ್ರಿಕೆಯ ಗುರುತಿನ ಸಂಖ್ಯೆ ಅಷ್ಟೇ. ಗುಣಮಟ್ಟ ನೋಡಿ ಕೊಡುವುದಲ್ಲ.

ಹೊಸ ಅಧ್ಯಾಪಕಿ: ಪಾಠಾಭ್ಯಾಸಕ್ಕೆ, ಅಂದರೆ ಶಾಲೆಯಲ್ಲಿ ಪಾಠ ಮಾಡಿ ಕಲಿಯೋಕೆ, ಹೋದ ವಿದ್ಯಾರ್ಥಿಗಳ ದಿನಚರಿ ಆಧರಿಸಿ ಲೇಖನ ಕಳಿಸಿದ್ದೆ. ಹಳೆಯ, ಹೆಸರುವಾಸಿ ಪತ್ರಿಕೆ. ಮೂರೇ ದಿನಕ್ಕೆ ಒಪ್ಪಿಗೆ ಬಂತು, ವಿಮರ್ಶಕರ ಟಿಪ್ಪಣಿ ಒಂದೂ ಇಲ್ಲ. ಈಗ ಶುಲ್ಕ ಕಟ್ಟಿ, ಕಾಪಿರೈಟ್ ಫಾರಂಗೆ ಸಹಿ ಹಾಕಿ ಅಂತಿದ್ದಾರೆ. ಮುಖ್ಯಸ್ಥರು ನಾಳೆಯೇ ಸುದ್ದಿ ಹಾಕೋಣ ಅಂತಿದ್ದಾರೆ.

ಗ್ರಂಥಪಾಲಕಿ: ದಯವಿಟ್ಟು ಸಹಿ ಹಾಕಬೇಡಿ, ದುಡ್ಡೂ ಕಟ್ಟಬೇಡಿ. ಸುದ್ದಿಯನ್ನೂ ತಡೆಯಿರಿ. ನೀವು ಹೇಳಿದ್ದು ನೋಡಿದರೆ ಅದು ನಕಲಿ ತಾಣ ಇರಬಹುದು. ಅಸಲಿ ಪತ್ರಿಕೆಯ ಹೆಸರು, ಐಎಸ್‌ಎಸ್‌ಎನ್, ಸಂಪಾದಕರ ಪಟ್ಟಿ ಎಲ್ಲ ಕದ್ದು ಬೇರೆ ಯಾರೋ ವೆಬ್‌ಸೈಟ್ ಮಾಡಿಬಿಡುತ್ತಾರೆ. ಬರೀ ಮುದ್ರಣದಲ್ಲಿ ಬರುವ ಹಳೆಯ ಪತ್ರಿಕೆಗಳು ಇವರ ಕೈಗೆ ಬೇಗ ಸಿಗುತ್ತವೆ. ಹೋಲಿಸಿ ನೋಡೋಣ ಅಂದರೆ ಅಸಲಿ ತಾಣವೇ ಇರುವುದಿಲ್ಲ.

ಮೊದಲು ಐಎಸ್‌ಎಸ್‌ಎನ್ ಪೋರ್ಟಲ್‌ನಲ್ಲಿ ಆ ಸಂಖ್ಯೆ ಹಾಕಿ, ಪ್ರಕಾಶಕರು ಯಾರು ಅಂತ ನೋಡಿ. ಆಮೇಲೆ ತಾಣದಲ್ಲಿರುವ ಒಂದು ಲೇಖನದ ಡಿಒಐಯನ್ನು, ಅಂದರೆ ಆ ಲೇಖನದ ಗುರುತಿನ ಸಂಖ್ಯೆಯನ್ನು, ಡಿಒಐ ತಾಣದಲ್ಲಿ ಹಾಕಿ. ಬೇರೆಲ್ಲೋ ತೆರೆದುಕೊಂಡರೆ, ಇಲ್ಲವೇ ತೆರೆಯದೇ ಹೋದರೆ, ಅನುಮಾನ ಗಟ್ಟಿಯಾಯಿತು. ಹಿಂದಿನ ಸಂಚಿಕೆಗಳನ್ನೂ ನೋಡಿ. ಶಿಕ್ಷಣದ ಪತ್ರಿಕೆಯಲ್ಲಿ ಕಾಂಕ್ರೀಟ್, ಹಲ್ಲಿನ ಚಿಕಿತ್ಸೆ ಎಲ್ಲ ಒಟ್ಟಿಗೆ ಕಂಡರೆ ಅದು ಪತ್ರಿಕೆಯೇ ಅಲ್ಲ. ಹಿಂಪಡೆದ ಸಂಶೋಧನಾ ಲೇಖನಗಳ ಮೇಲೆ ಕಣ್ಣಿಡುವ ರಿಟ್ರ್ಯಾಕ್ಷನ್ ವಾಚ್ ತಾಣದವರು 2022ರಿಂದ ಇಂಥ ನಕಲಿಗಳ ಪಟ್ಟಿ ಇಟ್ಟಿದ್ದಾರೆ. ಅದರಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಅಸಲಿ ಅಂದುಕೊಳ್ಳಬೇಡಿ. ಸಂಪಾದಕ ಮಂಡಳಿಯ ಒಬ್ಬರಿಗೆ ಅವರ ವಿಶ್ವವಿದ್ಯಾಲಯದ ಮೇಲ್‌ಗೇ ಬರೆದು ಕೇಳಿ. ತಮ್ಮ ಹೆಸರು ಅಲ್ಲಿದೆ ಅಂತಲೇ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ.

ನಕಲಿ ಅಂತ ಖಚಿತವಾದರೆ, ಲೇಖನ ವಾಪಸ್ ಪಡೆಯುತ್ತಿದ್ದೇನೆ ಅಂತ ಮೇಲ್ ಹಾಕಿ ಪ್ರತಿ ಇಟ್ಟುಕೊಳ್ಳಿ. ವಾಪಸ್ ಕೊಡೋದಕ್ಕೂ ದುಡ್ಡು ಕೇಳಬಹುದು, ಕೊಡಬೇಡಿ. ಬೇರೆ ಪತ್ರಿಕೆಗೆ ಕಳಿಸುವಾಗ ಅಲ್ಲಿನ ಸಂಪಾದಕರಿಗೆ ನಡೆದದ್ದನ್ನು ಮೊದಲೇ ಹೇಳಿಬಿಡಿ.

ಇನ್ನೊಂದು ವಿಷಯ ನನಗೆ ಇದಕ್ಕಿಂತ ಜಾಸ್ತಿ ಚಿಂತೆ ತಂದಿದೆ. ದಿನಚರಿ ಬರೆದ ವಿದ್ಯಾರ್ಥಿಗಳ ಒಪ್ಪಿಗೆ ಇದೆಯಾ? ‘ಇವತ್ತು ತರಗತಿ ಕೈಮೀರಿತು, ಅಳು ಬಂತು’ ಅಂತ ಬರೆಯುವವರು ಮೇಷ್ಟ್ರೊಬ್ಬರೇ ಓದುತ್ತಾರೆ ಅಂತ ನಂಬಿ ಬರೆದಿರುತ್ತಾರೆ.

ಹೊಸ ಅಧ್ಯಾಪಕಿ: ಬಾಯಿಮಾತಿನಲ್ಲಿ ಒಪ್ಪಿದ್ದಾರೆ ಮೇಡಂ.

ಗ್ರಂಥಪಾಲಕಿ: ಬರವಣಿಗೆಯಲ್ಲಿ ಪಡೆಯಿರಿ. ಅವರ ಅಂಕಗಳು ಪ್ರಕಟವಾದ ಮೇಲೆ ಕೇಳಿ. ಆಗ ಬೇಡ ಅನ್ನುವುದಕ್ಕೆ ಅವರಿಗೂ ಧೈರ್ಯ ಇರುತ್ತದೆ.

ಸಂಶೋಧನಾ ವಿದ್ಯಾರ್ಥಿ: ಡಿಒಐ ಇದ್ದರೆ ಒಳ್ಳೆ ಪತ್ರಿಕೆ ತಾನೇ?

ಗ್ರಂಥಪಾಲಕಿ: ಅಲ್ಲ. ಐಎಸ್‌ಎಸ್‌ಎನ್‌ಗೆ ಹೇಳಿದ್ದೇ ಇದಕ್ಕೂ.

ಎಂ.ಇಡಿ ವಿದ್ಯಾರ್ಥಿನಿ: ನನ್ನ ಪ್ರಬಂಧವನ್ನೇ ಲೇಖನ ಮಾಡಿ ಗೈಡ್ ತಮ್ಮ ಹೆಸರಲ್ಲಿ ಮಾತ್ರ ಕಳಿಸುತ್ತಿದ್ದಾರೆ. ಇದು ಸರೀನಾ?

ಹಿರಿಯ ಅಧ್ಯಾಪಕ: ಒಂದು ಫಾರ್ವರ್ಡ್ ಬಂದಿದೆ, ಉಪಯೋಗ ಆಗಬಹುದು. ‘ನೋಂದಣಿ ಶುಲ್ಕ ಕಟ್ಟಿದ ಎಲ್ಲರಿಗೂ ಶ್ರೇಷ್ಠ ಶಿಕ್ಷಕ ಪ್ರಶಸ್ತಿ, ಪದಕ, ಪ್ರಮಾಣಪತ್ರ.’

ಗ್ರಂಥಪಾಲಕಿ: ಸರ್, ಎಲ್ಲರಿಗೂ ಸಿಗುವುದು ಪ್ರಶಸ್ತಿ ಹೇಗಾಗುತ್ತದೆ? ಆರಿಸಿದವರು ಯಾರು, ಏನು ನೋಡಿ ಆರಿಸಿದರು? ಇದನ್ನು ಸುದ್ದಿಪತ್ರಕ್ಕೆ ಹಾಕಿದರೆ ದುಡಿದು ಪ್ರಶಸ್ತಿ ಪಡೆದವರನ್ನೂ ಜನ ಅನುಮಾನಿಸುತ್ತಾರೆ.

ಸುದ್ದಿಪತ್ರ ನೋಡಿಕೊಳ್ಳುವವರು: ಕಾರ್ಯಾಗಾರದ ವರದಿ ಜೊತೆ ಗುಂಪಿನಲ್ಲಿ ಬಂದ ಚಿತ್ರ ಹಾಕಲಾ? ಓದಿದ್ದರಲ್ಲಿ ಶೇ 10, ಕೇಳಿದ್ದರಲ್ಲಿ ಶೇ 20, ಕಲಿಸಿದ್ದರಲ್ಲಿ ಶೇ 90 ನೆನಪಿರುತ್ತೆ ಅನ್ನೋದು.

ಗ್ರಂಥಪಾಲಕಿ: ಬೇಡವೇ ಬೇಡ. ಈ ಚಿತ್ರಕ್ಕೆ ಮೂಲ ಅಂತ ಹೇಳುವುದು ಅಮೆರಿಕದ ಶಿಕ್ಷಣ ತಜ್ಞ ಎಡ್ಗರ್ ಡೇಲ್ 1946ರಲ್ಲಿ ಬರೆದ ‘ಅನುಭವದ ಶಂಕು’ ಎಂಬ ಚಿತ್ರವನ್ನು, ಅದರಲ್ಲಿ ಶೇಕಡಾ ಲೆಕ್ಕವೇ ಇರಲಿಲ್ಲ. ಆಮೇಲೆ ಯಾರೋ ಅಂಟಿಸಿದ್ದು. ಶಿಕ್ಷಕರಿಗೆ ಪಾಠ ಹೇಳುವ ನಾವೇ ಇದನ್ನು ಹಂಚಿದರೆ ಅದು ನೇರ ತರಗತಿಗೆ ಹೋಗುತ್ತದೆ. ಫಾರ್ವರ್ಡ್ ಸಾಕು.

ಪಾಠಾಭ್ಯಾಸ ಮೇಲ್ವಿಚಾರಕಿ: ಸುದ್ದಿಪತ್ರದಲ್ಲಿ ಬರೀ ಲೇಖನ, ಸಮ್ಮೇಳನ. ಶಾಲೆಗಳಿಗೆ ಹೋಗಿ ಹಿಂದಿನ ಬೆಂಚಲ್ಲಿ ಕೂತು ಪಾಠ ನೋಡಿ ತಿದ್ದುವವರ ಹೆಸರು ಒಮ್ಮೆಯೂ ಬಂದಿಲ್ಲ.

ಹಿರಿಯ ಅಧ್ಯಾಪಕ: ಅದು ಕೆಲಸ, ಸಾಧನೆ ಅಲ್ಲ.

ಪಾಠಾಭ್ಯಾಸ ಮೇಲ್ವಿಚಾರಕಿ: ನೀವು ಶಾಲೆಯ ಮೆಟ್ಟಿಲು ಹತ್ತಿ ಎಷ್ಟು ವರ್ಷ ಆಯ್ತು ಸರ್?

ಹಿರಿಯ ಅಧ್ಯಾಪಕ: ನೀವು ಲೇಖನ ಬರೆದು ಎಷ್ಟಾಯ್ತು ಅದನ್ನು ಹೇಳಿ.

ಸಂಶೋಧನಾ ವಿದ್ಯಾರ್ಥಿ: ಸಂಶೋಧಕರ ಗುರುತಿಗೆ ಒಂದೇ ಆರ್ಕಿಡ್ ಸಂಖ್ಯೆ ಸಾಕಾ, ನನಗೆ ಎರಡು ಆಗಿಬಿಟ್ಟಿದೆ?

ಪಾಠಾಭ್ಯಾಸ ಮೇಲ್ವಿಚಾರಕಿ: ತಮ್ಮ ವಿದ್ಯಾರ್ಥಿ ತರಗತಿಯಲ್ಲಿ ತಡವರಿಸುವುದನ್ನು ನೋಡದೆ ಬರೆದ ಲೇಖನ ಯಾರಿಗೆ ಬೇಕು?

ಹಿರಿಯ ಅಧ್ಯಾಪಕ: ವೈಯಕ್ತಿಕವಾಗಿ ಮಾತಾಡಬೇಡಿ.

ಗ್ರಂಥಪಾಲಕಿ: ಇಬ್ಬರೂ ನಿಲ್ಲಿಸಿ. ಮೇಲ್ವಿಚಾರಕಿ ಹೇಳಿದ್ದು ಸರಿ. ಒಬ್ಬ ವಿದ್ಯಾರ್ಥಿಯ ಮೊದಲ ಪಾಠಕ್ಕೂ ಕೊನೆಯ ಪಾಠಕ್ಕೂ ಆದ ಬದಲಾವಣೆಯನ್ನು, ಆ ವಿದ್ಯಾರ್ಥಿ ಒಪ್ಪಿದರೆ, ಬರೆದು ಹಾಕಿ. ಅದೂ ಸುದ್ದಿಯೇ.

ಎಂ.ಇಡಿ ವಿದ್ಯಾರ್ಥಿನಿ: ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.

ಹಿರಿಯ ಅಧ್ಯಾಪಕ: ಗೈಡ್ ಜೊತೆ ಹೊಂದಿಕೊಂಡು ಹೋಗಮ್ಮ.

ಗ್ರಂಥಪಾಲಕಿ: ಹೊಂದಿಕೊಳ್ಳುವ ವಿಷಯ ಅಲ್ಲ ಸರ್ ಇದು. ಕೆಲಸ ನಿಮ್ಮದಾದರೆ ಲೇಖಕರಲ್ಲಿ ನಿಮ್ಮ ಹೆಸರು ಇರಲೇಬೇಕು, ಸಾಮಾನ್ಯವಾಗಿ ಮೊದಲು. ಪ್ರಬಂಧದ ಕರಡುಗಳನ್ನೂ ಗೈಡ್ ಜೊತೆಗಿನ ಮೇಲ್‌ಗಳನ್ನೂ ಇವತ್ತೇ ಜೋಪಾನ ಮಾಡಿ. ಮೊದಲು ಗೈಡ್‌ಗೆ ಬರವಣಿಗೆಯಲ್ಲಿ ಕೇಳಿ. ಒಪ್ಪದಿದ್ದರೆ ಮುಖ್ಯಸ್ಥರಿಗೆ, ಆಮೇಲೆ ಪತ್ರಿಕೆಯ ಸಂಪಾದಕರಿಗೆ ಬರೆಯಿರಿ. ಪತ್ರ ಬರೆಯಲು ಸಹಾಯ ಬೇಕಿದ್ದರೆ ನನಗೆ ಪ್ರತ್ಯೇಕ ಮೆಸೇಜ್ ಹಾಕಿ.