ಬ್ಯಾಂಕಾಕ್‌ನ ರಾತ್ರಿ: ಯಾವ ಬೀದಿಗೆ ಹೋಗಬೇಕು, ಹೇಗೆ ಹಿಂದಿರುಗಬೇಕು?

ಪ್ರಶ್ನೆ

ಬರುವ ನವೆಂಬರ್‌ನಲ್ಲಿ ನಾನು, ನನ್ನ ಹೆಂಡತಿ, ಅಣ್ಣ ಮತ್ತು ಅತ್ತಿಗೆ ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ಐದು ರಾತ್ರಿಗಳ ಮಟ್ಟಿಗೆ ಹೋಗುತ್ತಿದ್ದೇವೆ. ಹಗಲಿನಲ್ಲಿ ನೋಡಬೇಕಾದ ಅರಮನೆ, ದೇವಾಲಯಗಳ ಬಗ್ಗೆ ಸಾಕಷ್ಟು ಓದಿಕೊಂಡಿದ್ದೇವೆ. ರಾತ್ರಿಯ ವಿಷಯವನ್ನು ಮಾತ್ರ ಯಾರ ಬಳಿ ಎತ್ತಿದರೂ ಒಂದೋ ನಗುತ್ತಾರೆ, ಇಲ್ಲವೇ ಹೆದರಿಸುತ್ತಾರೆ. ಅಣ್ಣನಿಗೆ ಒಳ್ಳೆಯ ಸಂಗೀತವಿರುವ ಕಡೆ ಕುಳಿತು ಎರಡು ಬಿಯರ್ ಕುಡಿಯುವ ಆಸೆ. ಅತ್ತಿಗೆ ಶುದ್ಧ ಸಸ್ಯಾಹಾರಿ. ನಮ್ಮಿಬ್ಬರಿಗೆ ಊರಿನ ರಾತ್ರಿಯನ್ನು ನೋಡಿದರೆ ಸಾಕು. ಅಲ್ಲಿದ್ದವರು, ಹೋಗಿ ಬಂದವರು ತಮ್ಮ ಅನುಭವ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ಕೆಲಸದ ನಿಮಿತ್ತ ಆರು ವರ್ಷ ಬ್ಯಾಂಕಾಕ್‌ನಲ್ಲಿದ್ದೆನಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಆ ಊರಿನ ರಾತ್ರಿಜೀವನ ಒಂದೇ ಕಡೆ ನೆಲೆಯಾಗಿಲ್ಲ. ದೊಡ್ಡ ರಸ್ತೆಗಳಿಂದ ಕವಲೊಡೆಯುವ ‘ಸೋಯ್’ ಎಂಬ ಅಡ್ಡರಸ್ತೆಗಳಲ್ಲಿ ಅದು ಹಂಚಿಹೋಗಿದೆ, ಮತ್ತು ಒಂದು ಸೋಯ್‌ನ ಸ್ವಭಾವ ಅದರ ಮಗ್ಗುಲಿನದಕ್ಕೆ ಇರುವುದಿಲ್ಲ. ಸುಖುಮ್ವಿತ್ ರಸ್ತೆಯನ್ನೇ ತೆಗೆದುಕೊಂಡರೆ, ಅದರ ಒಂದು ಬದಿಗೆ ಬೆಸಸಂಖ್ಯೆಯ ಸೋಯ್‌ಗಳೂ ಇನ್ನೊಂದು ಬದಿಗೆ ಸಮಸಂಖ್ಯೆಯ ಸೋಯ್‌ಗಳೂ ಇವೆ. ನಾಲ್ಕನೆಯದರಲ್ಲಿ ಹೆಣ್ಣುಮಕ್ಕಳು ಕುಣಿಯುವ ಬಾರ್‌ಗಳೇ ತುಂಬಿದ ನಾನಾ ಪ್ಲಾಜಾ ಇದೆ. 21 ಮತ್ತು 23ರ ನಡುವೆ ಅಂಥದೇ ಬಾರ್‌ಗಳ ಬೀದಿಯಾದ ಸೋಯ್ ಕೌಬಾಯ್ ಇದೆ. 1977ರಲ್ಲಿ ಅಲ್ಲಿ ಬಾರ್ ತೆರೆದ ಅಮೆರಿಕದ ಮಾಜಿ ವಾಯುಸೈನಿಕನೊಬ್ಬನ ಅಡ್ಡಹೆಸರೇ ಆ ಬೀದಿಗೆ ಅಂಟಿಕೊಂಡಿತು. ಸೀಲೋಮ್ ಮತ್ತು ಸುರವೋಂಗ್ ರಸ್ತೆಗಳ ನಡುವಿನ ಪಟ್‌ಪೋಂಗ್ ಇವೆರಡಕ್ಕಿಂತ ಹಳೆಯದು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ರಜೆಯ ಮೇಲೆ ಬರುತ್ತಿದ್ದ ಅಮೆರಿಕದ ಸೈನಿಕರ ದೆಸೆಯಿಂದ ಬೆಳೆದ ಈ ವ್ಯಾಪಾರ, ಸೈನಿಕರು ಹೋದ ಮೇಲೂ ಪ್ರವಾಸಿಗರನ್ನು ನೆಚ್ಚಿಕೊಂಡು ಉಳಿದಿದೆ. 1996ರ ಕಾಯ್ದೆಯ ಪ್ರಕಾರ ವೇಶ್ಯಾವಾಟಿಕೆ ಅಲ್ಲಿ ಅಪರಾಧ. ಕಣ್ಣಿಗೆ ಕಾಣುವುದು ಬೇರೆ. ದಂಪತಿಗಳು ಆ ಬೀದಿಗಳಲ್ಲಿ ನಡೆದು ಹೋಗುವುದಕ್ಕೆ ಯಾರ ಆಕ್ಷೇಪವೂ ಇಲ್ಲ, ಆದರೆ ಅಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳ ಫೋಟೊ ತೆಗೆಯಲು ಹೋಗಬೇಡಿ. ನನ್ನನ್ನು ಕೇಳಿದರೆ, ಆ ಊರಿನ ರಾತ್ರಿಯಲ್ಲಿ ಅತ್ಯಂತ ಸಪ್ಪೆಯಾದ ಭಾಗ ಅದೇ.

ಬ್ಯಾಂಕಾಕ್‌ನವರೇ ಕೆಲಸ ಮುಗಿಸಿ ಹೋಗುವ ಜಾಗಗಳನ್ನು ನೋಡಬೇಕೆಂದರೆ ಅದೇ ಸುಖುಮ್ವಿತ್‌ನ 55ನೇ ಸೋಯ್ ಆದ ಥೋಂಗ್‌ಲೋ ಮತ್ತು 63ನೇ ಸೋಯ್ ಆದ ಎಕ್ಕಮೈ ಕಡೆಗೆ ಹೋಗಿ. ಇಪ್ಪತ್ತು ತುಂಬದವರಿಗೆ ಕ್ಲಬ್‌ಗಳಲ್ಲಿ ಪ್ರವೇಶವಿಲ್ಲದ ಕಾರಣ ತಲೆ ನರೆತವರನ್ನೂ ಬಾಗಿಲಲ್ಲಿ ಗುರುತುಪತ್ರ ಕೇಳುವುದುಂಟು. ಒಳಗೆ ಹೋದೊಡನೆ ತುರ್ತು ನಿರ್ಗಮನದ ಬಾಗಿಲು ಎಲ್ಲಿದೆಯೆಂದು ನೋಡಿಕೊಳ್ಳುವ ಅಭ್ಯಾಸ ನನಗೆ ಅಲ್ಲಿಯೇ ಬಂದದ್ದು. 2009ರ ಹೊಸ ವರ್ಷದ ರಾತ್ರಿ ಎಕ್ಕಮೈಯ ಸಾಂತಿಕಾ ಕ್ಲಬ್‌ಗೆ ಬೆಂಕಿ ಬಿದ್ದು 60ಕ್ಕೂ ಹೆಚ್ಚು ಜನ ಸತ್ತ ಸುದ್ದಿಯನ್ನು ಆ ಭಾಗದ ಜನ ಇನ್ನೂ ಮರೆತಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಹೋಗುವ ಜಾಗವನ್ನು ಆರಿಸುವ ಮೊದಲೇ ಹಿಂದಿರುಗುವ ದಾರಿಯನ್ನು ಆಲೋಚಿಸಿ. ಮೇಲ್ಸೇತುವೆಯ ಬಿಟಿಎಸ್ ರೈಲು ಮತ್ತು ನೆಲದಡಿಯ ಎಂಆರ್‌ಟಿ ಎರಡೂ ಮಧ್ಯರಾತ್ರಿಯ ಹೊತ್ತಿಗೆ ನಿಲ್ಲುತ್ತವೆ, ಬಾರ್‌ಗಳು ಮಾತ್ರ ಎರಡು ಗಂಟೆಯವರೆಗೆ ತೆರೆದಿರುತ್ತವೆ. 2023ರ ಡಿಸೆಂಬರ್‌ನಿಂದ ಬ್ಯಾಂಕಾಕ್‌ನ ಪರವಾನಗಿ ಪಡೆದ ಮನರಂಜನಾ ಸ್ಥಳಗಳಿಗೆ ಬೆಳಗಿನ ನಾಲ್ಕರವರೆಗೂ ಅನುಮತಿ ಸಿಕ್ಕಿದೆ. ಈ ನಡುವಿನ ಹೊತ್ತೇ ಟ್ಯಾಕ್ಸಿಯವರ ಸುಗ್ಗಿ. 35 ಬಾತ್‌ನಿಂದ ಮೀಟರ್ ಆರಂಭವಾಗುವ ಕಾರಿನ ಚಾಲಕ ಮೀಟರ್ ಮೇಲೆ ಬಟ್ಟೆ ಮುಚ್ಚಿ 400 ಎಂದರೆ, ಜಗಳವಾಡದೆ ಬಾಗಿಲು ಮುಚ್ಚಿ ಫೋನಿನಲ್ಲಿ ಗ್ರ್ಯಾಬ್ ಅಥವಾ ಬೋಲ್ಟ್ ಕರೆಸಿಕೊಳ್ಳಿ. ಕಿತ್ತಳೆ ಬಣ್ಣದ ಅಂಗಿಯ ಬೈಕ್ ಟ್ಯಾಕ್ಸಿಯವರು ಹಗಲಿನಲ್ಲಿ ದೇವರಂಥವರು, ಆದರೆ ಕುಡಿದವರು ಅವರ ಹಿಂದೆ ಕೂರಬಾರದು.

ಉತ್ತರ 2

ಮೇಲಿನವರು ಪಟ್‌ಪೋಂಗ್ ಬಗ್ಗೆ ಬರೆದದ್ದಕ್ಕೆ ನನ್ನ ಪೆಟ್ಟು ತಿಂದ ಕಥೆಯನ್ನು ಸೇರಿಸುತ್ತೇನೆ. ಆ ಬೀದಿಯ ನಡುವೆ ರಾತ್ರಿ ಸಂತೆ ನಡೆಯುತ್ತದೆ. ನಕಲಿ ಗಡಿಯಾರ ನೋಡುತ್ತ ನಿಂತಿದ್ದ ನಮ್ಮ ಮುಂದೆ ಒಬ್ಬಾತ ಪ್ಲಾಸ್ಟಿಕ್ ಹೊದಿಸಿದ ಕಾರ್ಡು ಹಿಡಿದು, ಪ್ರವೇಶ ಉಚಿತ, ಬಿಯರ್ 100 ಬಾತ್ ಎಂದ. ಮಹಡಿ ಹತ್ತಿದೆವು. ಹದಿನೈದು ನಿಮಿಷ ಕುಳಿತು ಏಳುವ ಹೊತ್ತಿಗೆ ಇಬ್ಬರಿಗೆ 4,600 ಬಾತ್‌ನ ಬಿಲ್ಲು ಬಂತು. ನಾವು ಕೇಳದೆಯೇ ಮೇಜಿಗೆ ಬಂದು ಕುಳಿತವರ ಪಾನೀಯಗಳೂ ‘ಪ್ರದರ್ಶನದ ಶುಲ್ಕ’ವೂ ಅದರಲ್ಲಿದ್ದವು, ಬಾಗಿಲಿಗೆ ಅಡ್ಡಲಾಗಿ ಒಬ್ಬ ನಿಂತಿದ್ದ. ಪ್ರವಾಸಿ ಪೊಲೀಸರ 1155 ಸಂಖ್ಯೆಯನ್ನು ಅವರ ಕಣ್ಣೆದುರೇ ಒತ್ತಿದ ಮೇಲೆ ಮೊತ್ತ 800ಕ್ಕೆ ಇಳಿಯಿತು. ನೆಲಮಹಡಿಯ ಬಾರ್‌ಗಳಲ್ಲಿ ದರಪಟ್ಟಿ ಕಾಣುವಂತೆ ಇರುತ್ತದೆ ಮತ್ತು ಪ್ರತಿ ಸುತ್ತಿನ ಚೀಟಿಯನ್ನು ಮೇಜಿನ ಮೇಲಿನ ಲೋಟದಲ್ಲಿ ಸುರುಳಿ ಮಾಡಿ ಇಡುತ್ತಾರೆ. ಆ ಚೀಟಿಗಳನ್ನು ಆಗಾಗ ಬಿಡಿಸಿ ನೋಡುವುದರಲ್ಲಿ ನಾಚಿಕೆ ಬೇಡ.

ಉತ್ತರ 3

ನಿಮ್ಮ ಅತ್ತಿಗೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ, ಏಕೆಂದರೆ ನಾನೂ ಸಸ್ಯಾಹಾರಿ. ನಾವು ಹೋದಾಗ ನಮ್ಮ ಅತ್ತೆಯವರೂ ಜೊತೆಗಿದ್ದರು. ಚೈನಾಟೌನ್ ಆದ ಯಾವೊರಾತ್‌ನ ಹತ್ತಿರ ಹಳೆಯ ಅಂಗಡಿಮನೆಗಳಲ್ಲಿ ಸಣ್ಣ ಸಣ್ಣ ಬಾರ್‌ಗಳಿರುವ ‘ಸೋಯ್ ನಾನಾ’ ಎಂಬ ಚಂದದ ಓಣಿಯಿದೆಯೆಂದು ಓದಿದ್ದೆ. ಟ್ಯಾಕ್ಸಿಯವನಿಗೆ ಆ ಹೆಸರನ್ನಷ್ಟೇ ಹೇಳಿದೆ. ಅವನು ನಮ್ಮನ್ನು ಸುಖುಮ್ವಿತ್‌ನ ನಾಲ್ಕನೇ ಸೋಯ್‌ನಲ್ಲಿ, ನಾನಾ ಪ್ಲಾಜಾದ ಹೊಸ್ತಿಲಲ್ಲೇ ಇಳಿಸಿ ಹೋದ. ಆ ದೀಪಗಳನ್ನು ನೋಡಿ ಅತ್ತೆಯವರು, “ಇಲ್ಲೇನಮ್ಮ, ಜಾತ್ರೆಯೇ?” ಎಂದು ಕೇಳಿದರು, ನನ್ನ ಯಜಮಾನರು ಆಕಾಶ ನೋಡುತ್ತ ನಿಂತರು. ಆದ್ದರಿಂದ ‘ಯಾವೊರಾತ್’ ಎಂದೇ ಹೇಳಿ, ಅಥವಾ 2019ರಲ್ಲಿ ತೆರೆದ ವಾಟ್ ಮಂಗ್‌ಕೋನ್ ಮೆಟ್ರೋ ನಿಲ್ದಾಣದಲ್ಲಿ ಇಳಿದು ನಡೆಯಿರಿ.

ಯಾವೊರಾತ್‌ನ ಗಾಡಿಗಳಲ್ಲಿ ಹೆಚ್ಚಿನದು ಸಮುದ್ರಾಹಾರವೇ. ಸಸ್ಯಾಹಾರಿಗಳು ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ಬರೆದ ‘ಜೇ’ ಗುರುತನ್ನು ಹುಡುಕಬೇಕು. ಅದು ಚೀನೀ ಬೌದ್ಧ ಪದ್ಧತಿಯ ಅಡುಗೆ. ಮಾಂಸ, ಮೊಟ್ಟೆಗಳಲ್ಲದೆ ಈರುಳ್ಳಿ, ಬೆಳ್ಳುಳ್ಳಿಯೂ ಅದರಲ್ಲಿ ಇರುವುದಿಲ್ಲವಾದ್ದರಿಂದ ಅತ್ತೆಯವರಿಗೆ ಮಡಿಯೂಟ ಸಿಕ್ಕಷ್ಟು ಸಮಾಧಾನವಾಯಿತು. ಬೇರೆ ಕಡೆ ತರಕಾರಿಯ ಪದಾರ್ಥಕ್ಕೂ ‘ನಾಮ್ ಪ್ಲಾ’ ಎಂಬ ಮೀನಿನ ಸಾರವನ್ನು ಹಾಕುತ್ತಾರೆ. “ಮಾಯ್ ಸೈ ನಾಮ್ ಪ್ಲಾ” ಎಂದು ಹೇಳಿದರೆ ಹಾಕಬೇಡಿ ಎಂದು ಅರ್ಥವಾಗುತ್ತದೆ. ದೊಡ್ಡ ಬಾಣಲೆಯ ಕರಿ ಮರಳಿನಲ್ಲಿ ಹುರಿಯುವ ಚೆಸ್ಟ್‌ನಟ್, ಕಣ್ಣೆದುರೇ ಹಿಂಡಿ ಕೊಡುವ ದಾಳಿಂಬೆ ರಸ, ಶುಂಠಿಯ ಬಿಸಿ ಪಾನಕದಲ್ಲಿ ತೇಲುವ ಎಳ್ಳಿನ ಕಡುಬು, ಇಷ್ಟರಲ್ಲೇ ನಮ್ಮ ಒಂದು ರಾತ್ರಿ ಕಳೆಯಿತು. ಸೋಮವಾರ ಹೋಗಬೇಡಿ, ಹಲವು ಗಾಡಿಗಳು ಅಂದು ಇರುವುದಿಲ್ಲ.

ಉತ್ತರ 4

ಸಂಗೀತ ಬೇಕೆನ್ನುವ ಅಣ್ಣನವರಿಗೆ ವಿಕ್ಟರಿ ಮಾನ್ಯುಮೆಂಟ್ ಬಳಿಯ ಸ್ಯಾಕ್ಸೋಫೋನ್ ಪಬ್ ಸರಿಹೊಂದುತ್ತದೆ. 1987ರಿಂದ ಅಲ್ಲಿ ಜ್ಯಾಜ್, ಬ್ಲೂಸ್ ನುಡಿಸುತ್ತ ಬಂದಿದ್ದಾರೆ. ಮರದ ಮೇಜುಗಳ ನಡುವೆ ವೇದಿಕೆ ಕೈಗೆಟಕುವಷ್ಟು ಹತ್ತಿರವಿರುತ್ತದೆ. ಖರ್ಚಿಗೆ ಹಿಂಜರಿಯದಿದ್ದರೆ ಮ್ಯಾಂಡರಿನ್ ಓರಿಯಂಟಲ್ ಹೋಟೆಲಿನ ಬ್ಯಾಂಬೂ ಬಾರ್ 1953ರಷ್ಟು ಹಳೆಯದು, ಆದರೆ ಚಪ್ಪಲಿ, ಚಡ್ಡಿಯಲ್ಲಿ ಹೋದರೆ ಒಳಗೆ ಬಿಡುವುದಿಲ್ಲ. ಗಗನಚುಂಬಿಗಳ ತಾರಸಿಯ ಬಾರ್‌ಗಳದೂ ಇದೇ ನಿಯಮ. ಅಕ್ಕಿ ಮಾರುವ ಬೀದಿಯಾಗಿದ್ದು ಈಗಲೂ ಅಕ್ಕಿಯದೇ ಹೆಸರು ಹೊತ್ತಿರುವ ಖಾವ್ ಸಾನ್ ರಸ್ತೆ ನಮ್ಮ ವಯಸ್ಸಿನವರಿಗೆ ಕಿವಿಗಡಚಿಕ್ಕುವ ಜಾಗ. ಪಕ್ಕದ ರಾಂಬುತ್ರಿ ಬೀದಿ ಮೇಲು.

ನವೆಂಬರ್ ಎಂದಿದ್ದೀರಿ, ದಿನಾಂಕ ನಿಶ್ಚಯಿಸುವ ಮುನ್ನ ನಮ್ಮ ಪಂಚಾಂಗವನ್ನೊಮ್ಮೆ ನೋಡಿ. ನಮ್ಮ ಕಾರ್ತಿಕ ಹುಣ್ಣಿಮೆಯ ಸುಮಾರಿಗೆ ಅಲ್ಲಿ ‘ಲೋಯ್ ಕ್ರಾಥೋಂಗ್’ ಬರುತ್ತದೆ. ಬಾಳೆದಿಂಡಿನ ಬಿಲ್ಲೆಗೆ ಎಲೆ, ಹೂವು ಕಟ್ಟಿ ದೀಪ, ಊದುಕಡ್ಡಿ ಸಿಕ್ಕಿಸಿ ಚಾವೊ ಫ್ರಾಯಾ ನದಿಯಲ್ಲಿ ಬಿಡುತ್ತಾರೆ. ಹಳೆಯ ಹಡಗುಕಟ್ಟೆಯನ್ನು 2012ರಲ್ಲಿ ರಾತ್ರಿ ಸಂತೆಯಾಗಿ ಮಾಡಿದ ಏಷಿಯಾಟೀಕ್‌ನಲ್ಲಿ ಅಂದು ಕಾಲಿಡಲು ಜಾಗವಿರುವುದಿಲ್ಲ. ಸಣ್ಣ ದೇವಾಲಯವೊಂದರ ಸೋಪಾನ ಹುಡುಕಿಕೊಳ್ಳಿ.

ಕೇಳಿದವರ ಮರುಮಾತು

ಎಲ್ಲರಿಗೂ ವಂದನೆಗಳು. ವಸತಿಯನ್ನು ಅಸೋಕ್ ನಿಲ್ದಾಣದ ಬಳಿ ನೋಡಿದ್ದೇವೆ. ಅಲ್ಲಲ್ಲಿ ಗಾಂಜಾ ಅಂಗಡಿಗಳಿವೆ ಎಂದು ಕೇಳಿ ಅತ್ತಿಗೆ ಗಾಬರಿಯಾಗಿದ್ದಾರೆ, ಅದು ನಿಜವೇ?

ಉತ್ತರ 1ರವರು

ನಿಜ. 2022ರಲ್ಲಿ ನಿಷೇಧ ಸಡಿಲಿಸಿದ ಮೇಲೆ ಎಲ್ಲೆಲ್ಲೂ ಹುಟ್ಟಿಕೊಂಡವು. 2025ರ ಜೂನ್‌ನಿಂದ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಅತ್ತಿಗೆಯವರು ಗಾಬರಿಯಾಗಬೇಕಿಲ್ಲ, ಆ ಅಂಗಡಿಗಳು ಯಾರನ್ನೂ ಕೈಹಿಡಿದು ಎಳೆಯುವುದಿಲ್ಲ. ಆದರೆ ಹಿಂದಿರುಗುವಾಗ ಅಪರಿಚಿತರು ಕೊಟ್ಟ ಯಾವ ಪೊಟ್ಟಣವನ್ನೂ ಚೀಲಕ್ಕೆ ಸೇರಿಸಬೇಡಿ, ಬ್ಯಾಂಕಾಕ್‌ನಿಂದ ಬಂದವರ ಸಾಮಾನನ್ನು ಬೆಂಗಳೂರಿನ ಕಸ್ಟಮ್ಸ್‌ನವರು ಇದೇ ಕಾರಣಕ್ಕೆ ಜಾಲಾಡುತ್ತಾರೆ. ಅಸೋಕ್ ಒಳ್ಳೆಯ ಆಯ್ಕೆ, ಎರಡೂ ರೈಲುಗಳು ಅಲ್ಲಿ ಸೇರುತ್ತವೆ; ಸೋಯ್ ಕೌಬಾಯ್ ಕೂಗಳತೆಯಲ್ಲೇ ಇದೆ, ಕೋಣೆ ಆ ಕಡೆಗೆ ಮುಖ ಮಾಡಿರದಂತೆ ಕೇಳಿಕೊಳ್ಳಿ. ಹೋಟೆಲಿನ ವಿಳಾಸವನ್ನು ಥಾಯ್ ಲಿಪಿಯಲ್ಲಿ ಮುದ್ರಿಸಿದ ಕಾರ್ಡನ್ನು ನಾಲ್ವರೂ ಒಂದೊಂದು ಇಟ್ಟುಕೊಳ್ಳಿ.