ಬಾಲ್ಕನಿಯ ಪಪ್ಪಾಯಿಗೆ ಜೇಡ ನುಸಿ: ಎಣ್ಣೆ ಹೊಡೆಯುವುದಾ, ತೊಳೆಯುವುದಾ?

ವಿದ್ಯಾನಗರ ಬಾಲ್ಕನಿ (ಹುಬ್ಬಳ್ಳಿ):
ಗಾಜು ಹಾಕಿಸಿದ ಬಾಲ್ಕನಿಯಲ್ಲಿ ಒಂದು ಪೂಸಾ ನನ್ಹಾ ಪಪ್ಪಾಯಿ, ಒಂದು ಪ್ಯಾಶನ್ ಫ್ರೂಟ್ ಬಳ್ಳಿ ಬೆಳೆಸಿದ್ದೇನೆ. ಹೋಳಿ ಮುಗಿದು ಬಿಸಿಲು ಏರಿದ ಮೇಲೆ ಪಪ್ಪಾಯಿಯ ಕೆಳಗಿನ ಎಲೆಗಳಲ್ಲಿ ಸೂಜಿಯಿಂದ ಚುಚ್ಚಿದ ಹಾಗೆ ಹಳದಿ ಚುಕ್ಕೆ ಕಾಣಿಸಿತು. ನರ್ಸರಿಯವರು ಇಮಿಡಾಕ್ಲೋಪ್ರಿಡ್ ಕೊಟ್ಟರು. ಎರಡು ಸಲ ಹೊಡೆದೆ. ಕಡಿಮೆ ಆಗಲಿಲ್ಲ, ಈಗ ಎಲೆಗೂ ತೊಟ್ಟಿಗೂ ನಡುವೆ ತೆಳ್ಳನೆ ಬಲೆ ಕಟ್ಟಿದೆ. ಎಲೆಯ ಕೆಳಗೆ ಬಿಳಿ ಹಾಳೆ ಹಿಡಿದು ತಟ್ಟಿದೆ. ಗಸಗಸೆಗಿಂತ ಸಣ್ಣ ಚುಕ್ಕೆಗಳು ಬಿದ್ದವು, ಸ್ವಲ್ಪ ಹೊತ್ತಿಗೆ ನಡೆಯತೊಡಗಿದವು. ನಲವತ್ತರವರೆಗೆ ಎಣಿಸಿ ಬಿಟ್ಟೆ. ಎಂಟು ತಿಂಗಳು ಸಾಕಿದ ಗಿಡ, ಈಗಷ್ಟೇ ಮೊದಲ ಹೂ ಬಿಟ್ಟಿದೆ. ಮನೆಯಲ್ಲಿ ಎರಡು ವರ್ಷದ ಮಗು ಇದೆ. ಏನು ಮಾಡಲಿ?

ಬ್ಯಾಡಗಿ ಕಡ್ಡಿ (ಹಾವೇರಿ ಜಿಲ್ಲೆ):
ನುಸಿ ಹುಳಕ್ಕೆ ಎಣ್ಣೆ ಹೊಡೆಯದೆ ಬೇರೆ ದಾರಿ ಇಲ್ಲ ಅಕ್ಕಾ. ಮೆಣಸಿನಗಿಡಕ್ಕೆ ನಾವು ಇಪ್ಪತ್ತು ವರ್ಷದಿಂದ ಹೊಡೆಯುತ್ತಿದ್ದೇವೆ. ಎಲೆ ಮೇಲಕ್ಕೆ ಮುದುಡಿದರೆ ಥ್ರಿಪ್ಸ್ ನುಸಿ, ಕೆಳಕ್ಕೆ ಮುದುಡಿದರೆ ಮೈಟ್ ನುಸಿ. ಎರಡೂ ಸೇರಿ ಮುರುಟು ಹಿಡಿದರೆ ಬೆಳೆ ಹೋದ ಹಾಗೆಯೇ. ತಡ ಮಾಡಬೇಡಿ, ಒಳ್ಳೆ ಎಣ್ಣೆ ತಂದು ಹೊಡೆಯಿರಿ.

ಗದಗ ಗಾಳಿ:
ಒಳ್ಳೆ ಎಣ್ಣೆ ಅಂದರೆ ಬೇವಿನ ಎಣ್ಣೆ. ಲೀಟರ್ ನೀರಿಗೆ 5 ಮಿಲಿ, ಜೊತೆಗೆ ಸ್ವಲ್ಪ ಸೋಪಿನ ನೀರು, ಸಂಜೆ ಹೊತ್ತಿಗೆ. ಆದರೆ ಅದಕ್ಕೂ ಮೊದಲು ಗಿಡ ತೊಳೆಯಿರಿ. ನಮ್ಮ ಮನೆಯ ಸ್ಟಾರ್ ಫ್ರೂಟ್ ಗಿಡಕ್ಕೂ ಇದೇ ಬಂದಿತ್ತು. ಮೂರು ದಿನಕ್ಕೊಮ್ಮೆ ಎಲೆಯ ಅಡಿಭಾಗಕ್ಕೆ ಜೋರಾಗಿ ನೀರು ಬಿಟ್ಟೆ. ಮೂರು ವಾರಕ್ಕೆ ಹೊಸ ಚಿಗುರು ಚೊಕ್ಕ ಬಂತು. ಈ ನುಸಿಗೆ ಬೇಕಾಗಿರುವುದು ಬಿಸಿ, ಒಣ ಗಾಳಿ, ಧೂಳು. ಗಾಜಿನ ಬಾಲ್ಕನಿಯಲ್ಲಿ ಮೂರೂ ಇವೆ.

ಬ್ಯಾಡಗಿ ಕಡ್ಡಿ:
ಬೇವಿನ ಎಣ್ಣೆ ಅಂತ ನಾನೆಲ್ಲಿ ಹೇಳಿದೆ? ನಮ್ಮ ಕಡೆ ಎಣ್ಣೆ ಅಂದರೆ ಅಂಗಡಿ ಔಷಧ. ಹೇಳದ ಮಾತನ್ನು ನನ್ನ ಬಾಯಿಗೆ ತುರುಕಬೇಡಿ.

ಸಪ್ತಾಪುರ ಟೀಚರ್ (ಧಾರವಾಡ):
"ನುಸಿ ಹುಳ" ಅಂದಿರಲ್ಲ, ತಪ್ಪು ಶುರುವಾಗುವುದೇ ಅಲ್ಲಿ. ಜೇಡ ನುಸಿ ಕೀಟ ಅಲ್ಲ. ಜೇಡ, ಚೇಳು, ಉಣ್ಣಿಗಳ ಬಳಗ ಅದು, ಎಂಟು ಕಾಲು. ಕೀಟದ ಔಷಧ ಇಮಿಡಾಕ್ಲೋಪ್ರಿಡ್ ಅದಕ್ಕೆ ನಾಟುವುದಿಲ್ಲ. ಇನ್ನೂ ಜಾಸ್ತಿ ಆಗುವುದೂ ಉಂಟು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನ ಎಲ್ಮ್ ಮರಗಳಿಗೆ ಅದನ್ನು ಕೊಟ್ಟಾಗ ಜೇಡ ನುಸಿ ಏರಿದ್ದು 2011ರಲ್ಲಿ ಪ್ರಕಟವಾಗಿದೆ. ಮೇಡಮ್, ಆ ಬಾಟಲಿಯನ್ನು ಮೊದಲು ಬದಿಗಿಡಿ.

ಔಷಧಿ ಅಂಗಡಿ (ಲಕ್ಷ್ಮೇಶ್ವರ):
ನ್ಯೂಯಾರ್ಕಿನ ಮರಕ್ಕೂ ಹುಬ್ಬಳ್ಳಿ ಪಪ್ಪಾಯಿಗೂ ಏನು ಸಂಬಂಧ ಟೀಚರ್? ನುಸಿಗೆ ಬೇರೆ ಔಷಧವೇ ಇದೆ, ಅಬಾಮೆಕ್ಟಿನ್. ಅಷ್ಟು ಬೇಡವೆಂದರೆ ನೀರಿನಲ್ಲಿ ಕರಗುವ ಗಂಧಕ, ಲೀಟರಿಗೆ 2 ಗ್ರಾಂ. ನಾನು ದಿನಾ ಮಾರುತ್ತೇನೆ, ಯಾರೂ ವಾಪಸ್ ಬಂದು ದೂರಿಲ್ಲ.

ಬ್ಯಾಡಗಿ ಕಡ್ಡಿ:
ಟೀಚರ್ ಮೇಡಮ್, ಥ್ರಿಪ್ಸ್‌ಗೆ ಆರು ಕಾಲು. ಅದನ್ನೂ ನಾವು ನುಸಿ ಅಂತಲೇ ಕರೆಯುತ್ತೇವೆ. ಊರೆಲ್ಲ ಹಾಗೇ ಕರೆಯುತ್ತದೆ. ಆರು ಕಾಲು ಇದ್ದರೆ ಕೀಟ ಅಂತ ನಿಮ್ಮ ಲೆಕ್ಕ ಅಲ್ವಾ? ಹಾಗಾದರೆ ನುಸಿ ಕೀಟವೇ ಆಯಿತು.

ಸಪ್ತಾಪುರ ಟೀಚರ್:
ಊರು ಎರಡಕ್ಕೂ ಒಂದೇ ಹೆಸರು ಇಟ್ಟರೆ ಎರಡೂ ಒಂದೇ ಜೀವಿ ಆಗುವುದಿಲ್ಲ. ಮೇಲಕ್ಕೆ ಮುದುಡಿದರೆ ಒಂದು, ಕೆಳಕ್ಕೆ ಮುದುಡಿದರೆ ಇನ್ನೊಂದು ಅಂತ ನೀವೇ ಬರೆದಿದ್ದೀರಿ. ಬೇರೆ ಬೇರೆ ಅಂತ ನಿಮಗೆ ಗೊತ್ತಿದೆ. ಇನ್ನೊಂದು ವಿಷಯ. ಮೆಣಸಿನ ಎಲೆಯನ್ನು ಕೆಳಕ್ಕೆ ಮುದುಡಿಸುವ ಹಳದಿ ನುಸಿ ಬಲೆ ಕಟ್ಟುವುದಿಲ್ಲ, ಬರಿಗಣ್ಣಿಗೆ ಕಾಣುವುದೂ ಇಲ್ಲ. ಇವರ ಪಪ್ಪಾಯಿಯಲ್ಲಿ ಬಲೆ ಇದೆ. ನಿಮ್ಮ ಇಪ್ಪತ್ತು ವರ್ಷ ಈ ನುಸಿಯ ಮೇಲೆ ಕಳೆದದ್ದಲ್ಲ.

ಬ್ಯಾಡಗಿ ಕಡ್ಡಿ:
ಇಪ್ಪತ್ತು ವರ್ಷದ ಬಗ್ಗೆ ಮಾತಾಡಬೇಡಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದ್ದು ಪುಸ್ತಕ ಓದಿ ಅಲ್ಲ, ನಮ್ಮಂಥವರು ಹೊಲದಲ್ಲಿ ಬೆನ್ನು ಬಗ್ಗಿಸಿದ್ದಕ್ಕೆ.

ನವಲೂರು ಪೇರಲ (ಧಾರವಾಡ):
ಅಣ್ಣಾ, ಜಿಐ ಬಂದದ್ದು ಬಣ್ಣಕ್ಕೆ, ರುಚಿಗೆ. ಅದನ್ನು ಇಲ್ಲಿ ಯಾಕೆ ತರುತ್ತೀರಿ?
ನನ್ನ ಮಾತು ಗಂಧಕದ ಬಗ್ಗೆ. ಹೋದ ವರ್ಷ ಏಪ್ರಿಲ್‌ನಲ್ಲಿ ಕಿಟಕಿ ಪಕ್ಕದ ನಿಂಬೆ ಗಿಡಕ್ಕೆ ಬೇವಿನ ಎಣ್ಣೆ ಹೊಡೆದಿದ್ದೆ. ನಾಲ್ಕೇ ದಿನ ಬಿಟ್ಟು ಗಂಧಕ ಹೊಡೆದೆ, ಅದೂ ಬೆಳಿಗ್ಗೆ ಹತ್ತು ಗಂಟೆಗೆ. ಮರುದಿನ ಎಲೆಯ ಅಂಚುಗಳು ಸುಟ್ಟ ಹಪ್ಪಳದ ಹಾಗೆ ಕಂದಾಗಿ ಮಡಚಿಕೊಂಡಿದ್ದವು. ಮುಟ್ಟಿದರೆ ಪುಡಿ. ವಾರದೊಳಗೆ ಅರ್ಧ ಗಿಡ ಬೋಳಾಯಿತು. ಎಣ್ಣೆಗೂ ಗಂಧಕಕ್ಕೂ ನಡುವೆ ಎರಡು ವಾರವಾದರೂ ಬೇಕು. ಸುಡುವ ಬಿಸಿಲಲ್ಲಂತೂ ಗಂಧಕ ಬೇಡವೇ ಬೇಡ. ಮಾರುವವರು ಇದನ್ನು ಹೇಳಬೇಕಿತ್ತು, ನನಗೆ ಯಾರೂ ಹೇಳಲಿಲ್ಲ.

ಔಷಧಿ ಅಂಗಡಿ:
"ಮಾರುವವರು" ಅಂತ ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಪ್ಯಾಕೆಟ್ ಮೇಲೆ ಬರೆದಿರುತ್ತದೆ. ನಾನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ.

ಗದಗ ಗಾಳಿ:
ಮಗು ಇರುವ ಮನೆಯ ಒಳಗೆ ಅಬಾಮೆಕ್ಟಿನ್ ಹೊಡೆಯಿರಿ ಅಂದಿರಲ್ಲ, ಅದೂ ಪ್ಯಾಕೆಟ್ ಮೇಲೆ ಬರೆದಿದೆಯಾ? ಅದು ವಿಷ. ಮುಚ್ಚಿದ ಬಾಲ್ಕನಿ, ಪಕ್ಕದಲ್ಲೇ ಮಲಗುವ ಕೋಣೆ. ನನಗೆ ನಿಜವಾಗಿ ಸಿಟ್ಟು ಬರುತ್ತಿದೆ.

ಔಷಧಿ ಅಂಗಡಿ:
ಕುಂಡವನ್ನು ಟೆರೇಸ್‌ಗೆ ಒಯ್ದು ಹೊಡೆಯಬಹುದಲ್ಲ. ಒಳಗೆ ಹೊಡೆಯಿರಿ ಅಂತ ನಾನು ಬರೆದಿಲ್ಲ.

ನವಲೂರು ಪೇರಲ:
ಗದಗಿನವರೇ, "ಜೋರಾಗಿ ನೀರು" ಅಂತ ಬರೆಯುವುದು ಸುಲಭ. ನಮ್ಮ ಓಣಿಗೆ ನೀರು ಬರುವುದೇ ಐದಾರು ದಿನಕ್ಕೊಮ್ಮೆ. ಕುಡಿಯಲು ಹಿಡಿದಿಟ್ಟ ನೀರನ್ನು ಎಲೆಗೆ ಸುರಿಯಲಾ? ಉಳಿದದ್ದು ಬೋರ್ ನೀರು. ಗಡಸು ನೀರಿನಲ್ಲಿ ಸೋಪು ನೊರೆ ಬರುವುದಿಲ್ಲ, ಮೊಸರಿನ ಹಾಗೆ ಒಡೆಯುತ್ತದೆ. ಸ್ಪ್ರೇ ಬಾಟಲಿಯ ಬಾಯಿ ಕಟ್ಟಿಕೊಳ್ಳುತ್ತದೆ.

ಗದಗ ಗಾಳಿ:
ಗಡಸು ನೀರಿನ ಬಗ್ಗೆ ಗದಗಿನವಳಿಗೆ ಹೇಳಬೇಡಿ. ತೊಳೆಯಲು ಬೋರ್ ನೀರು ಸಾಕು. ಸೋಪು ಕಲಸಲು ಮಾತ್ರ ಒಂದು ಲೀಟರ್ ಫಿಲ್ಟರ್ ನೀರು. ಒಂದು ಗಿಡಕ್ಕೆ ಒಂದು ಬಕೆಟ್ ಮುಗಿಯುವುದಿಲ್ಲ. ಅದೂ ಇಲ್ಲದಿದ್ದರೆ ಒದ್ದೆ ಬಟ್ಟೆಯಿಂದ ಎಲೆಯ ಅಡಿ ಒರೆಸಿ. ಪಪ್ಪಾಯಿಗೆ ಇರುವುದೇ ಹತ್ತು ಹನ್ನೆರಡು ಎಲೆ.

ಬ್ಯಾಡಗಿ ಕಡ್ಡಿ:
ಎಲ್ಲರೂ ವಿಷಯ ಬದಲಿಸಿದಿರಿ. ನಿನ್ನೆ ಮಗಳ ಭೂತಗನ್ನಡಿ ಹಿಡಿದು ಹಿತ್ತಲಿನ ಬದನೆ ಎಲೆ ನೋಡಿದೆ. ಅದರಲ್ಲೂ ಬಲೆ ಇದೆ, ಇದೇ ನುಸಿ. ಒಂದರ ಕಾಲು ಎಣಿಸಿದೆ. ಆರು. ಮಗಳೂ ಎಣಿಸಿದಳು. ಆರೇ. ಟೀಚರ್ ಎಲ್ಲಿದ್ದೀರಿ?

ಸಪ್ತಾಪುರ ಟೀಚರ್:
ಇಲ್ಲೇ ಇದ್ದೇನೆ. ನೀವು ಸರಿಯಾಗಿಯೇ ಎಣಿಸಿದ್ದೀರಿ, ಆದರೆ ಮರಿಯನ್ನು ಎಣಿಸಿದ್ದೀರಿ. ಮೊಟ್ಟೆಯಿಂದ ಬಂದ ಮರಿಗೆ ಆರು ಕಾಲು. ಒಂದು ಸಲ ಪೊರೆ ಬಿಟ್ಟ ಮೇಲೆ ಎಂಟು. ಪಕ್ಕದಲ್ಲಿದ್ದ ದೊಡ್ಡದನ್ನು ಎಣಿಸಿ.

ಬ್ಯಾಡಗಿ ಕಡ್ಡಿ:
ಆರು ಕಂಡರೆ ಮರಿ, ಎಂಟು ಕಂಡರೆ ದೊಡ್ಡದು. ಹೇಗೆ ಎಣಿಸಿದರೂ ನಿಮ್ಮದೇ ಸರಿ. ಹೋಗಲಿ, ಇದಕ್ಕೆ ಉತ್ತರ ಕೊಡಿ. ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ನುಸಿಯನ್ನು ನೋಡುವವರು ಯಾವ ವಿಭಾಗದವರು? ಕೀಟಶಾಸ್ತ್ರದವರು. ಕೀಟ ಅಲ್ಲದಿದ್ದರೆ ಅವರು ಯಾಕೆ ನೋಡುತ್ತಾರೆ?

ಸಪ್ತಾಪುರ ಟೀಚರ್:
ಬೆಳೆ ಕಾಪಾಡಲು ನೋಡುತ್ತಾರೆ. ನೋಡುವವರ ಬೋರ್ಡಿನ ಮೇಲೆ ಏನು ಬರೆದಿದೆ ಅನ್ನುವುದರಿಂದ ನುಸಿಯ ಕಾಲು ಕಡಿಮೆ ಆಗುವುದಿಲ್ಲ. ನಾನು ಇಷ್ಟು ಹಟ ಹಿಡಿಯುವುದು ಹೆಸರಿಗಾಗಿ ಅಲ್ಲ. ಹುಳ ಅಂದುಕೊಂಡೇ ಆ ನರ್ಸರಿ ತಪ್ಪು ಬಾಟಲಿ ಕೊಟ್ಟಿದ್ದು, ಮೇಡಮ್ ಎರಡು ಸಲ ಹೊಡೆದದ್ದು. ಈ ಬಿಸಿಲಿಗೆ ಮೊಟ್ಟೆ ವಾರ, ಹತ್ತು ದಿನದಲ್ಲಿ ಮೊಟ್ಟೆ ಇಡುವ ನುಸಿ ಆಗುತ್ತದೆ. ತಪ್ಪು ಬಾಟಲಿಗೆ ಹೋದ ಎರಡು ವಾರದಲ್ಲಿ ಎಷ್ಟು ಹೆಚ್ಚಿರಬೇಕು, ನೀವೇ ಲೆಕ್ಕ ಹಾಕಿ.

ವಿದ್ಯಾನಗರ ಬಾಲ್ಕನಿ:
ಎಲ್ಲವನ್ನೂ ಓದಿದೆ. ಬಲೆ ಜಾಸ್ತಿ ಇದ್ದ ಮೂರು ಎಲೆ ಕತ್ತರಿಸಿ ಚೀಲದಲ್ಲಿ ಕಟ್ಟಿ ಬಿಸಾಡಿದೆ. ಕುಂಡದ ಮಣ್ಣಿಗೆ ಪ್ಲಾಸ್ಟಿಕ್ ಸುತ್ತಿ ಗಿಡವನ್ನು ಬಚ್ಚಲಿಗೆ ಒಯ್ದು ಎಲೆಯ ಅಡಿ ತೊಳೆದೆ. ಸಂಜೆ ಬೇವಿನ ಎಣ್ಣೆ ಹೊಡೆದೆ. ಐದು ದಿನ ಬಿಟ್ಟು ಇನ್ನೊಮ್ಮೆ. ಇವತ್ತು ಹಾಳೆ ಹಿಡಿದು ತಟ್ಟಿದರೆ ಒಂಬತ್ತು ಬಿದ್ದವು. ಹೂ ಒಂದು ಉದುರಿತು, ಎರಡು ಉಳಿದಿವೆ. ಪ್ಯಾಶನ್ ಫ್ರೂಟ್ ಬಳ್ಳಿಯನ್ನು ಬೇರೆ ಕೋಣೆಗೆ ಇಟ್ಟಿದ್ದೇನೆ.

ಗದಗ ಗಾಳಿ:
ಒಂಬತ್ತು ಅಂತ ನಿಲ್ಲಿಸಬೇಡಿ ಅಕ್ಕಾ. ಮೊಟ್ಟೆ ಇನ್ನೂ ಇವೆ, ಬೇವಿನ ಎಣ್ಣೆಗೆ ಅವೆಲ್ಲ ಸಾಯುವುದಿಲ್ಲ. ಮೂರನೇ ಸಲ ಹೊಡೆಯಲೇಬೇಕು. ನಾನು ಹೇಳಿದ ಹಾಗೆ ನೀರೇ ಕೆಲಸ ಮಾಡಿತು ನೋಡಿ.

ನವಲೂರು ಪೇರಲ:
ನೀರೊಂದೇ ಅಲ್ಲ. ಎಲೆ ಕತ್ತರಿಸಿದರು, ಎಣ್ಣೆಯನ್ನೂ ಹೊಡೆದರು.

ಔಷಧಿ ಅಂಗಡಿ:
ಇನ್ನೂ ಒಂಬತ್ತು ಇವೆ. ಸರಿಯಾದ ಔಷಧ ಆಗಿದ್ದರೆ ಇಷ್ಟೊತ್ತಿಗೆ ಮುಗಿದಿರುತ್ತಿತ್ತು.

ಬ್ಯಾಡಗಿ ಕಡ್ಡಿ:
ಎಣ್ಣೆ ಹೊಡೆಯಿರಿ ಅಂತ ಮೊದಲು ಹೇಳಿದವನು ನಾನು. ಗುರುವಾರ ಧಾರವಾಡಕ್ಕೆ ಕೆಲಸವಿದೆ. ಬದನೆ ಎಲೆಯನ್ನು ಡಬ್ಬಿಯಲ್ಲಿ ಹಾಕಿಕೊಂಡು ಕೃಷಿ ವಿಶ್ವವಿದ್ಯಾಲಯಕ್ಕೆ ಹೋಗುತ್ತೇನೆ. ಅವರು ಹುಳ ಅಂದರೆ ಇಲ್ಲಿಯೇ ಬರೆಯುತ್ತೇನೆ.

ಸಪ್ತಾಪುರ ಟೀಚರ್:
ಅಲ್ಲ ಅಂದರೂ ಬರೆಯಿರಿ. ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ, ಬಸ್ಸಿನಲ್ಲಿ ಬೇರೆಯವರ ಹೂವಿನ ಬುಟ್ಟಿ ಪಕ್ಕ ಇಡಬೇಡಿ.