ಸಹಾಯ ಬೇಕು: ಹಳೆಯ ಓಮ್ನಿಯ ಇಗ್ನಿಷನ್ ಟೈಮಿಂಗ್

ನಮ್ಮ ಮನೆಯಲ್ಲಿ ಹಳೆಯ ಕಾರ್ಬುರೇಟರ್ ಓಮ್ನಿ ಇದೆ. 796 ಸಿಸಿ, ಮೂರು ಸಿಲಿಂಡರ್, ಪಾಯಿಂಟ್ ಸೆಟ್ (ಕಿಡಿಗಾಗಿ ಕರೆಂಟ್ ಕಡಿಯುವ ಸ್ವಿಚ್) ಇರುವ ಡಿಸ್ಟ್ರಿಬ್ಯೂಟರ್, ಅಂದರೆ ಪ್ಲಗ್‌ಗಳಿಗೆ ಸರದಿಯಂತೆ ಕರೆಂಟ್ ಹಂಚುವ ಭಾಗ. ಏರು ಹತ್ತುವಾಗ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕಿಟಿಕಿಟಿ ಬಡಿಯುತ್ತದೆ. ಬೇರೆ ಬಂಕಿನ ಪೆಟ್ರೋಲ್ ಹಾಕಿಸಿ ನೋಡಿದೆ. ಪ್ಲಗ್ ಹೊಸದು, ಪಾಯಿಂಟ್ ಗ್ಯಾಪ್ ಸರಿಯಿದೆ. ಟೈಮಿಂಗ್ ಜಾಸ್ತಿ ಅಡ್ವಾನ್ಸ್ ಆಗಿದೆ, ಅಂದರೆ ಪ್ಲಗ್ ಕಿಡಿ ಬೇಕಾದ್ದಕ್ಕಿಂತ ಬೇಗ ಹಾರುತ್ತಿದೆ ಅಂತ ಅನುಮಾನ.

ಓಮ್ನಿಯಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗೆ ಅಲ್ವಾ? ಸೀಟು ಎತ್ತಿದರೂ ಡಿಸ್ಟ್ರಿಬ್ಯೂಟರ್ ಹತ್ತಿರ ಕೈ ಹೋಗುವುದು ಕಷ್ಟ. ಟೈಮಿಂಗ್ ಬದಲಿಸಲು ಸಡಿಲಿಸಬೇಕಾದ ಅದರ ಕ್ಲಾಂಪ್ ಬೋಲ್ಟ್‌ಗೆ ಸ್ಪ್ಯಾನರ್ ಕೂರುತ್ತದೆ, ತಿರುಗಿಸಲು ಜಾಗವೇ ಸಿಗುವುದಿಲ್ಲ. ಟೈಮಿಂಗ್ ಲೈಟ್ (ಕಿಡಿ ಹಾರಿದಾಗಲೆಲ್ಲ ಮಿನುಗುವ ದೀಪ) ನನ್ನ ಹತ್ತಿರ ಇದೆ. ಒಂದನೇ ಪ್ಲಗ್ ವೈರಿಗೆ ಕ್ಲಿಪ್ ಹಾಕಿ, ವ್ಯಾಕ್ಯೂಮ್ ಪೈಪ್ ಬಿಚ್ಚಿ ಬಾಯಿ ಮುಚ್ಚಿ, ಐಡ್ಲಿಂಗ್‌ನಲ್ಲಿ ನೋಡಬೇಕು ಅನ್ನುವುದು ಗೊತ್ತು. ಆದರೆ ಫ್ಲೈವೀಲ್ (ಎಂಜಿನ್ ಜೊತೆ ತಿರುಗುವ ಭಾರದ ಚಕ್ರ) ಮೇಲಿನ ಟೈಮಿಂಗ್ ಗುರುತಿನ ಕಡೆಗೆ ಬೆಳಕು ಹಾಯಿಸಿ, ಕಣ್ಣನ್ನೂ ಅದೇ ನೇರಕ್ಕೆ ತರುವುದು ಹೇಗೆ?

ಈ ಗಾಡಿಯಲ್ಲೇ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ. ಬೋಲ್ಟ್‌ಗೆ ಯಾವ ಸ್ಪ್ಯಾನರ್ ಒಳ್ಳೆಯದು, ಬಾಗಿದ್ದೋ ಗಿಡ್ಡದ್ದೋ? ಗುರುತಿಗೆ ಬಿಳಿ ಬಣ್ಣ ಹಚ್ಚಿ ಸಣ್ಣ ಕನ್ನಡಿ ಹಿಡಿದರೆ ಕಾಣುತ್ತದೆಯೇ? ಸುಮ್ನೆ ಕಿವಿಯಲ್ಲಿ ಕೇಳಿ ಸೆಟ್ ಮಾಡಲು ನನಗೆ ಇಷ್ಟವಿಲ್ಲ. ಹೀಗೆ ಬಡಿಯುತ್ತಲೇ ಇದ್ದರೆ ಪಿಸ್ಟನ್ ಹಾಳಾಗುತ್ತದೆ. ಅಪ್ಪ ಈಗಲೂ ದಿನಾ ಓಡಿಸುವ ಗಾಡಿ ಇದು.